ದಂತಚಿಕಿತ್ಸೆಯ ಭಯ ಮತ್ತು ಮಂಪರು ವಿಧಾನಗಳು: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯನ್ನು ಮುಂದಿಟ್ಟು

ಹಲ್ಲಿನ ಚಿಕಿತ್ಸೆಗೆ ಅಂಜುವವರ ಪ್ರಜ್ಞೆಯನ್ನು ಪೂರ್ತಿ ಕಳೆಯದೆ, ಔಷಧದ ನೆರವಿನಿಂದ ಅವರ ಆತಂಕವನ್ನು ಮಾತ್ರ ತಗ್ಗಿಸುವ ಕ್ರಮಕ್ಕೆ ಮಂಪರು ಚಿಕಿತ್ಸೆ ಅಥವಾ ಸೆಡೇಶನ್ ಎನ್ನುತ್ತಾರೆ. ಹಲ್ಲು ಕೀಳುವಾಗ ನೋವು ತಡೆಯುವುದು ಒಸಡಿಗೆ ಚುಚ್ಚುವ ಅರಿವಳಿಕೆಯ ಕೆಲಸ. ಮಂಪರು ಅದರ ಜೊತೆಗೆ ನಿಂತು ಮನಸ್ಸಿನ ಬಿಗಿಯನ್ನು ಸಡಿಲಿಸುತ್ತದೆ. ನಗುವ ಅನಿಲ, ಬಾಯಿಂದ ಕೊಡುವ ಗುಳಿಗೆ ಅಥವಾ ಸಿರಪ್, ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್, ಕೊನೆಗೆ ಪೂರ್ಣ ಅರಿವಳಿಕೆ, ಹೀಗೆ ವೈದ್ಯರ ಮುಂದೆ ಹಲವು ದಾರಿಗಳಿವೆ. ಪಠ್ಯಪುಸ್ತಕಗಳು ಇವನ್ನು ಔಷಧಗಳ ಪಟ್ಟಿಯಾಗಿ ಕೊಡುತ್ತವೆ. ಆದರೆ ಹೊಸಪೇಟೆಯ ಕ್ಲಿನಿಕ್ಕಿನಲ್ಲೋ ಕಂಪ್ಲಿಯ ಆಸ್ಪತ್ರೆಯಲ್ಲೋ ಇವುಗಳಲ್ಲಿ ಒಂದನ್ನು ಆರಿಸುವಾಗ ಔಷಧದ ಗುಣದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ರೋಗಿಯ ಉಸಿರು ತಪ್ಪಿದರೆ ಅದನ್ನು ಮರಳಿ ತರಬಲ್ಲ ಕೈ ಎಷ್ಟು ಹತ್ತಿರದಲ್ಲಿದೆ? ಈ ಸೀಮೆಯಲ್ಲಿ ಮಂಪರಿನ ಆಯ್ಕೆ ಆ ಪ್ರಶ್ನೆಯಿಂದಲೇ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಭಯದ ಗಾತ್ರವನ್ನು ಅಳೆಯಲು ಸಾಧನಗಳಿವೆ. ಅಮೆರಿಕದ ನಾರ್ಮನ್ ಕೋರಾ 1969ರಲ್ಲಿ ನಾಲ್ಕು ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ಇಂಜೆಕ್ಷನ್ ಬಗ್ಗೆ ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. 1995ರಲ್ಲಿ ಹಂಫ್ರಿಸ್ ಮತ್ತು ಸಂಗಡಿಗರು ಅದನ್ನು ಸೇರಿಸಿ ಐದು ಪ್ರಶ್ನೆಗಳ ಪರಿಷ್ಕೃತ ಮಾಪಕ ಮಾಡಿದರು. ಇದರಲ್ಲಿ ಅಂಕ 5ರಿಂದ 25ರವರೆಗೆ ಹೋಗುತ್ತದೆ. 19 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರನ್ನು ತೀವ್ರ ಭಯದವರೆಂದು ಎಣಿಸುತ್ತಾರೆ. ಕಾಯುವ ಕೋಣೆಯಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಇದು. ಬರಹ ಬಾರದವರಿಗೆ ಸಹಾಯಕಿಯೇ ಓದಿ ಹೇಳಬಹುದು. ಆದರೂ ಅಂಕ ಭಯದ ಪ್ರಮಾಣವನ್ನು ತೋರಿಸುತ್ತದೆಯೇ ಹೊರತು ಅದರ ಮೂಲವನ್ನಲ್ಲ. ಬಾಲ್ಯದಲ್ಲಿ ಮರಗಟ್ಟುವ ಮೊದಲೇ ಹಲ್ಲು ಕೀಳಿಸಿಕೊಂಡ ನೆನಪು ಒಬ್ಬರದಾದರೆ, ಸೂಜಿ ಕಂಡರೆ ತಲೆ ಸುತ್ತಿ ಬೀಳುವ ದೇಹಸ್ವಭಾವ ಇನ್ನೊಬ್ಬರದು. ಮೇಲಿನ ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ನಂಬಿಕೆಯಿಂದ ಹಿಂದೆ ಸರಿಯುವವರು ಊರೂರಲ್ಲಿ ಇದ್ದಾರೆ. ಈ ಮೂರನೆಯವರಿಗೆ ಮಂಪರು ಔಷಧ ಕೊಡುವುದು ತಪ್ಪು ಬಾಗಿಲು ತಟ್ಟಿದಂತೆ. ಅವರಿಗೆ ಬೇಕಾದದ್ದು ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲವೆಂದು ಸಮಾಧಾನದಿಂದ ತಿಳಿಹೇಳುವ ಐದು ನಿಮಿಷ.

ಹಲ್ಲಿಗೆ ಹೆದರುವುದೂ ಒಂದು ಕಾಯಿಲೆಯೇ, ಹಲ್ಲು ಕಚ್ಚಿ ಸಹಿಸಿದರೆ ಆಯಿತಲ್ಲ ಎಂಬ ಆಕ್ಷೇಪ ಮನೆಯ ಹಿರಿಯರಿಂದ ಹಿಡಿದು ಕೆಲವು ವೈದ್ಯರವರೆಗೆ ಕೇಳಿಬರುತ್ತದೆ. ಭಯದ ಪರಿಣಾಮವನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅಂಜಿದವರು ಚಿಕ್ಕ ಹುಳುಕು ಇದ್ದಾಗ ಬರುವುದಿಲ್ಲ. ಲವಂಗ ಒತ್ತಿ, ತಂಬಾಕು ತುರುಕಿ, ಔಷಧದ ಅಂಗಡಿಯ ನೋವಿನ ಗುಳಿಗೆ ನುಂಗಿ ತಿಂಗಳುಗಟ್ಟಲೆ ತಳ್ಳುತ್ತಾರೆ. ಒಂದು ತಾಸಿನಲ್ಲಿ ತುಂಬಿಸಬಹುದಾಗಿದ್ದ ಹಲ್ಲು ಕೀಳುವ ಹಂತಕ್ಕೆ ಬರುತ್ತದೆ. ಕೀವು ದವಡೆಯ ಕೆಳಗಿಳಿದು ಕತ್ತಿಗೆ ಹರಡಿದರೆ ನಾಲಿಗೆ ಮೇಲೆದ್ದು ಉಸಿರಿನ ದಾರಿಯೇ ಕಟ್ಟುವ ಲುಡ್ವಿಗ್ ಆಂಜೈನಾ ಎಂಬ ಪ್ರಾಣಾಂತಿಕ ಸ್ಥಿತಿಯೂ ಉಂಟಾಗಬಹುದು. ತಡವಾಗಿ ಬಂದ ರೋಗಿಗೆ ಚಿಕಿತ್ಸೆ ನಿಜಕ್ಕೂ ಹೆಚ್ಚು ನೋವಿನದಾಗುತ್ತದೆ, ಏಕೆಂದರೆ ಸೋಂಕು ತುಂಬಿದ ಅಂಗಾಂಶ ಆಮ್ಲೀಯವಾಗಿರುವುದರಿಂದ ಮರಗಟ್ಟಿಸುವ ಔಷಧ ಸರಿಯಾಗಿ ಹಿಡಿಯುವುದಿಲ್ಲ. ಹೀಗೆ ಭಯ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಸ್ವೀಡನ್ನಿನ ಬೆರ್ಗ್ರೆನ್ ಮತ್ತು ಮೈನರ್ಟ್ 1984ರಲ್ಲಿ ಈ ಸುಳಿಯನ್ನು ವಿವರಿಸಿದರು: ಭಯದಿಂದ ತಪ್ಪಿಸಿಕೊಳ್ಳುವಿಕೆ, ಅದರಿಂದ ಹಲ್ಲಿನ ಹಾಳು, ಅದರಿಂದ ನಾಚಿಕೆ, ನಾಚಿಕೆಯಿಂದ ಮತ್ತಷ್ಟು ಭಯ. ಇದನ್ನು ಕಡಿಯುವುದು ವೈದ್ಯರ ಕೆಲಸವೇ.

ಕಡಿಯುವ ಮೊದಲ ಕತ್ತಿ ಮಂಪರು ಔಷಧದ ಪೆಟ್ಟಿಗೆಯಲ್ಲಿಲ್ಲ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೊಫ್ಗ್ರೆನ್ ತಯಾರಿಸಿದ, ಒಸಡು ಮರಗಟ್ಟಿಸುವ ಲಿಗ್ನೊಕೇನ್ ಇಂದಿಗೂ ನಮ್ಮ ದಂತವೈದ್ಯರ ಕೈಯ ಮುಖ್ಯ ಸಾಧನ. ಅಡ್ರಿನಲಿನ್ ಬೆರೆತ ಶೇ. 2ರ ಆ ದ್ರವವನ್ನು ಮೊದಲು ಒಸಡಿಗೆ ಜೆಲ್ ಸವರಿ, ಒಂದೆರಡು ನಿಮಿಷ ಕಾದು, ನಂತರ ನಿಧಾನವಾಗಿ ಇಳಿಸಿದರೆ ಬಹುಪಾಲು ಜನರಿಗೆ ಸೂಜಿಯ ನೋವು ಸಹಿಸುವಷ್ಟೇ ಇರುತ್ತದೆ. ಹೊರಗೆ ಸಾಲು ಕಾದಿರುವಾಗ ಅವಸರದಲ್ಲಿ ಒತ್ತಿದ ಅದೇ ಇಂಜೆಕ್ಷನ್ ಒಂದು ಜೀವಮಾನದ ಭಯವನ್ನು ಹುಟ್ಟಿಸಬಲ್ಲದು. ಮಕ್ಕಳಿಗೆ ಉಪಕರಣವನ್ನು ಹೆಸರಿಸಿ, ಉಗುರಿನ ಮೇಲೆ ತಿರುಗಿಸಿ ತೋರಿಸಿ, ಆಮೇಲೆ ಬಾಯಿಗೆ ತರುವ ಕ್ರಮವನ್ನು ಅಡಲ್‌ಸ್ಟನ್ 1959ರಲ್ಲಿ ವಿವರಿಸಿದ್ದರು. ಅದಕ್ಕೆ ಕಾಸಿನ ಖರ್ಚಿಲ್ಲ. ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟು, ಕೈ ಎತ್ತಿದಾಗ ನಿಜವಾಗಿ ನಿಲ್ಲಿಸುವುದು ವಯಸ್ಕರಿಗೂ ಕೆಲಸ ಮಾಡುತ್ತದೆ, ಏಕೆಂದರೆ ಕುರ್ಚಿಯಲ್ಲಿ ಮಲಗಿದವರನ್ನು ಕಾಡುವುದು ನೋವಿಗಿಂತ ಹೆಚ್ಚಾಗಿ ತಮ್ಮ ಹಿಡಿತ ತಪ್ಪಿದ ಭಾವನೆ. ಮಾತಿನ ಚಿಕಿತ್ಸೆಗೆ ಗಟ್ಟಿ ಪುರಾವೆಯೂ ಇದೆ. 2000ದಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ತೀವ್ರ ಭಯವಿದ್ದ ರೋಗಿಗಳಲ್ಲಿ ಕೆಲವರಿಗೆ ಒಂದೇ ಬೈಠಕ್ಕಿನ ಮನಶ್ಶಾಸ್ತ್ರೀಯ ತರಬೇತಿ, ಕೆಲವರಿಗೆ ಆತಂಕ ತಗ್ಗಿಸುವ ಬೆಂಜೋಡಯಾಜೆಪಿನ್ ಔಷಧ ಕೊಟ್ಟರು. ಚಿಕಿತ್ಸೆಯ ದಿನ ಎರಡೂ ಗುಂಪು ಶಾಂತವಾಗಿದ್ದವು. ಆದರೆ ಮುಂದೆಯೂ ಹಲ್ಲಿನ ಚಿಕಿತ್ಸೆ ಮುಂದುವರಿಸಿದವರು ಮೊದಲ ಗುಂಪಿನಲ್ಲಿ ಶೇ. 70, ಎರಡನೆಯದರಲ್ಲಿ ಶೇ. 20. ಔಷಧ ಆ ದಿನವನ್ನು ದಾಟಿಸುತ್ತದೆ. ಮುಂದಿನ ಸಲಕ್ಕೆ ಧೈರ್ಯವನ್ನು ಕಲಿಸುವುದಿಲ್ಲ.

ಹಾಗಿದ್ದರೆ ಮಂಪರು ಬೇಡವೇ? ಬೇಕು. ದವಡೆ ಉರಿಯುತ್ತಿರುವವರಿಗೆ ವಾರಗಟ್ಟಲೆ ತರಬೇತಿ ಪಡೆಯಲು ಪುರುಸೊತ್ತಿಲ್ಲ. ಮೂಳೆಯಲ್ಲಿ ಹೂತ ಬುದ್ಧಿಹಲ್ಲನ್ನು ಕೊರೆದು ತೆಗೆಯುವಾಗ, ಬಾಯೊಳಗೆ ಕನ್ನಡಿ ಇಟ್ಟರೂ ಓಕರಿಸುವವರಿಗೆ, ನಾಲ್ಕು ವರ್ಷದ ಮಗುವಿಗೆ ಒಮ್ಮೆಗೇ ಹಲವು ಹಲ್ಲು ಸರಿಪಡಿಸಬೇಕಾದಾಗ ಮಾತೊಂದೇ ಸಾಲದು. ಆಗ ತಿಳಿದಿರಬೇಕಾದದ್ದು ಮಂಪರಿನ ಮೂಲ ಸ್ವಭಾವ. ಅಲ್ಪ ಮಂಪರು, ಮಧ್ಯಮ ಮಂಪರು, ಆಳ ಮಂಪರು, ಪೂರ್ಣ ಅರಿವಳಿಕೆ ಎಂದು ಅರಿವಳಿಕೆ ತಜ್ಞರು ನಾಲ್ಕು ಹೆಸರು ಕೊಟ್ಟಿದ್ದಾರೆ. ಮೊದಲೆರಡರಲ್ಲಿ ರೋಗಿ ಕರೆದರೆ ಓಗೊಡುತ್ತಾರೆ, ಬಾಯಿ ತೆರೆ ಎಂದರೆ ತೆರೆಯುತ್ತಾರೆ, ತಮ್ಮ ಉಸಿರನ್ನು ತಾವೇ ಆಡುತ್ತಾರೆ. ಮೂರನೆಯದರಲ್ಲಿ ಪದೇ ಪದೇ ಅಲುಗಿಸಿದರೆ ಮಾತ್ರ ಎಚ್ಚರ, ಉಸಿರಿನ ದಾರಿ ಕಟ್ಟಬಹುದು. ಈ ನಾಲ್ಕರ ನಡುವೆ ಗೋಡೆಗಳಿಲ್ಲ, ಇಳಿಜಾರು ಇದೆ. ಒಬ್ಬರಿಗೆ ಬರೀ ತೂಕಡಿಕೆ ತರುವ ಪ್ರಮಾಣ ಇನ್ನೊಬ್ಬರನ್ನು ಆಳಕ್ಕೆ ಜಾರಿಸಬಲ್ಲದು. ಆದ್ದರಿಂದ ತಾವು ಉದ್ದೇಶಿಸಿದ ಹಂತಕ್ಕಿಂತ ಒಂದು ಹಂತ ಕೆಳಗೆ ರೋಗಿ ಜಾರಿದರೆ ಎತ್ತಿ ತರಬಲ್ಲವರು ಮಾತ್ರ ಮಂಪರು ಕೊಡಬೇಕು ಎಂಬುದು ಜಗತ್ತಿನ ಮಾರ್ಗಸೂಚಿಗಳೆಲ್ಲ ಒಪ್ಪುವ ಮಾತು. ಹಲ್ಲಿನ ಕೆಲಸದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ತೂಕವಿದೆ: ನೀರು, ರಕ್ತ, ಹಲ್ಲಿನ ಚೂರು ಬೀಳುವುದು ಉಸಿರಿನ ದಾರಿಯ ಬಾಯಲ್ಲೇ.

ನೈಟ್ರಸ್ ಆಕ್ಸೈಡ್, ಅಂದರೆ ನಗುವ ಅನಿಲವನ್ನು ನೋವು ತಡೆಯಲು ಬಳಸುವುದು ದಂತವೈದ್ಯರೇ ಜಗತ್ತಿಗೆ ಕೊಟ್ಟ ಕೊಡುಗೆ. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟನ್ ಎಂಬವರು ಈ ಅನಿಲದ ಪ್ರದರ್ಶನ ನಡೆಸಿದಾಗ, ಅದನ್ನು ಸೇವಿಸಿದ ಒಬ್ಬಾತನಿಗೆ ಕಾಲಿಗೆ ಪೆಟ್ಟಾದರೂ ನೋವು ತಿಳಿಯದಿದ್ದುದನ್ನು ದಂತವೈದ್ಯ ಹೊರೇಸ್ ವೆಲ್ಸ್ ಗಮನಿಸಿದರು. ಮರುದಿನವೇ ಅನಿಲ ಸೇದಿ ತಮ್ಮ ಹಲ್ಲನ್ನೇ ಕೀಳಿಸಿಕೊಂಡರು. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ನಡೆಸಿದ ಪ್ರಯೋಗದಲ್ಲಿ ರೋಗಿ ಕೂಗಿಕೊಂಡ, ವೆಲ್ಸ್ ಅವಮಾನಿತರಾದರು. ನೋವು ತಡೆಯಲು ಈ ಅನಿಲವನ್ನೊಂದೇ ನಂಬಬಾರದು ಎಂಬ ಪಾಠ ಅಲ್ಲಿದೆ, ಮತ್ತು ಇಂದಿನ ಪದ್ಧತಿ ಅದನ್ನು ಪಾಲಿಸುತ್ತದೆ: ಅನಿಲ ಮನಸ್ಸಿಗೆ, ಲಿಗ್ನೊಕೇನ್ ಹಲ್ಲಿಗೆ. ಮೂಗಿನ ಮೇಲಿಟ್ಟ ಮೃದುವಾದ ಮುಖವಾಡದಿಂದ ಆಮ್ಲಜನಕದ ಜೊತೆ ಶೇ. 30ರಿಂದ 50ರಷ್ಟು ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋಗುತ್ತಾರೆ. ರಕ್ತದಲ್ಲಿ ಇದು ಬಹಳ ಕಡಿಮೆ ಕರಗುವುದರಿಂದ ಮೂರರಿಂದ ಐದು ನಿಮಿಷದಲ್ಲಿ ಕೈಕಾಲು ಹಗುರಾಗಿ ಬೆಚ್ಚಗಾಗುತ್ತದೆ. ನಿಲ್ಲಿಸಿ ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಅಷ್ಟೇ ಬೇಗ ಇಳಿಯುತ್ತದೆ. ದಂತಚಿಕಿತ್ಸೆಯ ಯಂತ್ರಗಳು ಎಷ್ಟು ತಿರುಗಿಸಿದರೂ ಕನಿಷ್ಠ ಶೇ. 30ರಷ್ಟು ಆಮ್ಲಜನಕ ಕೊಡುವಂತೆ ಕಟ್ಟಲ್ಪಟ್ಟಿರುತ್ತವೆ, ಸಾಮಾನ್ಯ ಗಾಳಿಯಲ್ಲಿ ಇರುವುದು ಶೇ. 21 ಮಾತ್ರ. ಉಸಿರು ಕುಗ್ಗಿಸದ, ಬೇಕಾದಾಗ ಏರಿಸಿ ಇಳಿಸಬಹುದಾದ, ರೋಗಿಯನ್ನು ಅದೇ ದಿನ ಎಚ್ಚರದಿಂದ ಮನೆಗೆ ಕಳಿಸುವ ಈ ವಿಧಾನವೇ ಇಂಥ ಊರುಗಳ ಕ್ಲಿನಿಕ್ಕಿಗೆ ಹೇಳಿಮಾಡಿಸಿದ್ದು.

ಅದಕ್ಕೂ ಮಿತಿಗಳುಂಟು. ಮೂಗು ಕಟ್ಟಿದವರಿಗೆ ಇದು ಒಳಗೇ ಹೋಗುವುದಿಲ್ಲ, ಅದಿರಿನ ಕೆಂಧೂಳಿನಲ್ಲಿ ಬದುಕುವ ಸಂಡೂರಿನವರ ವಿಷಯದಲ್ಲಿ ಇದನ್ನು ಮೊದಲೇ ಕೇಳಿಕೊಳ್ಳಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿ, ಕಣ್ಣಿನೊಳಗೆ ಅನಿಲ ತುಂಬಿದ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆದವರಿಗೆ, ತೀವ್ರ ಶ್ವಾಸಕೋಶದ ರೋಗವಿರುವವರಿಗೆ ಕೊಡುವಂತಿಲ್ಲ. ಈ ಅನಿಲ ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ; ಒಂದು ತಾಸಿನ ಬಳಕೆ ಆರೋಗ್ಯವಂತರಿಗೆ ಲೆಕ್ಕಕ್ಕಿಲ್ಲವಾದರೂ, ಬಿ12 ಕೊರತೆ ಸಾಮಾನ್ಯವಾಗಿರುವ ಸಸ್ಯಾಹಾರಿಗಳಲ್ಲಿ ಅಂಗಾಲಿನ ಜೋಮು, ರಕ್ತಹೀನತೆ ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಕೋಣೆಯಲ್ಲಿ ಸೋರಿದ ಅನಿಲ ದಿನವೂ ಅಲ್ಲಿಯೇ ಕೆಲಸ ಮಾಡುವ ಸಹಾಯಕಿಯರ ಎದೆಗೆ ಹೋಗುವುದರಿಂದ ಹೀರುಕೊಳವೆ ಮತ್ತು ಗಾಳಿ ಆಡುವ ಕಿಟಕಿ ಕಡ್ಡಾಯ. ಯಂತ್ರ ದುಬಾರಿ, ಚಿಕ್ಕ ಊರಿನಲ್ಲಿ ಗಿಟ್ಟುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದರ ಅರ್ಧ ಭಾರವಾದ ಆಮ್ಲಜನಕಕ್ಕೆ ಈ ಸೀಮೆ ಬೇರೆಯವರತ್ತ ನೋಡಬೇಕಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಲೇ 2021ರ ಕೋವಿಡ್ ಅಲೆಯಲ್ಲಿ ದ್ರವ ಆಮ್ಲಜನಕ ದೂರದೂರಿಗೆ ಹೋಯಿತು. ಒಂದೊಂದು ಕ್ಲಿನಿಕ್ಕೂ ಯಂತ್ರ ಕೊಳ್ಳುವ ಬದಲು ಹೊಸಪೇಟೆಯಲ್ಲಿ ಕೆಲವರು ಸೇರಿ ಒಂದನ್ನು ನಡೆಸಿದರೆ, ಹಂಪಿ, ಕಮಲಾಪುರದವರಿಗೆ ಅದು ಸುಮಾರು 13 ಕಿಲೋಮೀಟರಿನೊಳಗೆ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೂ ಇಂಥದೊಂದು ಯಂತ್ರ ಅತಿಯಾದ ಬೇಡಿಕೆಯೇನಲ್ಲ.

ಗುಳಿಗೆ ಎಲ್ಲಕ್ಕಿಂತ ಅಗ್ಗ. ಹಿಂದಿನ ರಾತ್ರಿ ಅಥವಾ ಒಂದು ತಾಸು ಮೊದಲು ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂಥದ್ದನ್ನು ಕೊಡುವ ರೂಢಿ ಎಲ್ಲೆಡೆ ಇದೆ; ಮಕ್ಕಳಿಗೆ ಮಿಡಜೋಲಾಮ್ ಅಥವಾ ಟ್ರೈಕ್ಲೊಫಾಸ್ ಸಿರಪ್ ಬಳಸುತ್ತಾರೆ. ಸೂಜಿಯಿಲ್ಲದೆ ಆಗುವ ಕೆಲಸ ಎಂಬುದು ಇದರ ದೊಡ್ಡ ಗುಣ, ಆದರೆ ಹೊಟ್ಟೆಗೆ ಹೋದದ್ದನ್ನು ಅಳೆದು ಏರಿಸಲಾಗದು, ಹಿಂದಕ್ಕೆ ತೆಗೆಯಲೂ ಆಗದು. ಊಟ ಮಾಡಿದವರಲ್ಲಿ ತಡವಾಗಿ ಏರುತ್ತದೆ. ಪರಿಣಾಮ ಕಾಣಲಿಲ್ಲವೆಂದು ಇನ್ನೊಂದು ಕೊಟ್ಟರೆ ಎರಡೂ ಒಮ್ಮೆಗೇ ಏರಬಹುದು, ಆದ್ದರಿಂದ ಎರಡನೆಯ ಸಲ ಕೊಡಬಾರದೆಂಬ ನಿಯಮವಿದೆ. ಮಗು ಉಗುಳಿದರೆ ಎಷ್ಟು ಒಳಗೆ ಹೋಯಿತೆಂದು ಯಾರೂ ಹೇಳಲಾರರು. ದಿನವೂ ಕುಡಿಯುವವರಿಗೆ ಮಾಮೂಲಿ ಪ್ರಮಾಣ ಏನೂ ಮಾಡದಿರಬಹುದು. ಅದೇ ದಿನ ಕುಡಿದು ಬಂದವರಿಗೆ ಅದೇ ಪ್ರಮಾಣ ಉಸಿರನ್ನೇ ಅದುಮಬಹುದು. ಡಯಾಜೆಪಾಮ್, ಆಲ್ಪ್ರಜೋಲಾಮ್, ಮಿಡಜೋಲಾಮ್ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಗುವಿಗೆ ಮನೆಯಲ್ಲೇ ಸಿರಪ್ ಕುಡಿಸಿ ಬೈಕಿನಲ್ಲಿ ಕರೆತನ್ನಿ ಎಂಬ ಸಲಹೆಯನ್ನು ಯಾವ ಕಾರಣಕ್ಕೂ ಕೊಡಬಾರದು: ದಾರಿಯಲ್ಲಿ ಕುತ್ತಿಗೆ ವಾಲಿ ಉಸಿರು ಕಟ್ಟಿದರೆ ನೋಡುವವರಿಲ್ಲ. ಕ್ಲಿನಿಕ್ಕಿಗೆ ಬಂದ ಮೇಲೆಯೇ ಕೊಡಬೇಕು, ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುತ್ತಿರಬೇಕು.

ರಕ್ತನಾಳದಿಂದ ಕೊಡುವ ಮಿಡಜೋಲಾಮ್ ಗುಳಿಗೆಯ ದೋಷಗಳನ್ನು ನೀಗುತ್ತದೆ. ಒಂದೊಂದು ಮಿಲಿಗ್ರಾಮಾಗಿ ಕೊಟ್ಟು, ಕಾದು, ಮಾತು ತೊದಲುವವರೆಗೆ ಏರಿಸಿ ನಿಲ್ಲಿಸಬಹುದು. ನಡೆದದ್ದರ ನೆನಪು ಬಹುಪಾಲು ಅಳಿಯುವುದರಿಂದ ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಗೆ ವಯಸ್ಕರಲ್ಲಿ ಇದೇ ಮೆಚ್ಚಿನ ದಾರಿ. ಅತಿಯಾದರೆ ಫ್ಲುಮಜೆನಿಲ್ ಎಂಬ ಪ್ರತಿಮದ್ದು ಇದೆ ಎಂಬ ಧೈರ್ಯವನ್ನು ಕೆಲವರು ಮುಂದಿಡುತ್ತಾರೆ. ಆ ಧೈರ್ಯಕ್ಕೆ ಗಡಿ ಇದೆ: ಪ್ರತಿಮದ್ದಿನ ಶಕ್ತಿ ಸುಮಾರು ಒಂದು ತಾಸಿಗೆ ಅರ್ಧಕ್ಕಿಳಿಯುತ್ತದೆ, ಮಿಡಜೋಲಾಮ್ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ, ಎಚ್ಚರಗೊಂಡವರು ಮತ್ತೆ ಮುಳುಗಬಹುದು. ಪ್ರೊಪೊಫಾಲ್, ಕೆಟಮಿನ್ ಎಂಬ ಔಷಧಗಳು ಅರಿವಳಿಕೆ ತಜ್ಞರ ಕೈಯಲ್ಲಿ ಮಾತ್ರ ಇರಬೇಕಾದವು.

ಉಸಿರಿನ ಮೇಲೆ ಇಷ್ಟು ಒತ್ತು ಏಕೆ ಎಂಬುದಕ್ಕೆ ತುಂಗಭದ್ರೆಯ ಆಚೆ ದಡದ ಚರಿತ್ರೆಯೊಂದು ನೆನಪಿಡುವಂಥದ್ದು. ಕಂಪ್ಲಿ ಮದ್ರಾಸು ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಎದುರಿನ ಆನೆಗೊಂದಿ, ಗಂಗಾವತಿ ನಿಜಾಮರ ಸೀಮೆಯಾಗಿದ್ದವು. ಆ ನಿಜಾಮರ ಹಣದಲ್ಲಿ, ಎಡ್ವರ್ಡ್ ಲಾರಿ ಎಂಬ ವೈದ್ಯರ ಮುಂದಾಳತ್ವದಲ್ಲಿ 1888 ಮತ್ತು 1889ರಲ್ಲಿ ಎರಡು ಹೈದರಾಬಾದ್ ಕ್ಲೋರೊಫಾರ್ಮ್ ಆಯೋಗಗಳು ನಡೆದವು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಿಸಿ, ಕ್ಲೋರೊಫಾರ್ಮ್‌ನಿಂದ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ ಎಂದು ಅವು ಹೇಳಿದವು. ಹೃದಯದ ವಿಷಯದಲ್ಲಿ ಆಯೋಗ ತಪ್ಪಿತ್ತು. ಕ್ಲೋರೊಫಾರ್ಮ್ ಹೃದಯವನ್ನು ನೇರವಾಗಿ ತಡೆದು ಕೊಲ್ಲಬಲ್ಲದೆಂದು 1911ರಲ್ಲಿ ಲೆವಿ ಎಂಬ ಸಂಶೋಧಕರು ತೋರಿಸಿದರು. ಆದರೆ ಔಷಧ ಕೊಡುವವರ ಕಣ್ಣು ರೋಗಿಯ ಉಸಿರಿನ ಮೇಲೆ ಇರಬೇಕು ಎಂಬ ಅದರ ಪಟ್ಟು ಇಂದಿನ ಮಂಪರು ಔಷಧಗಳ ಮಟ್ಟಿಗೆ ನೇರವಾಗಿ ಹೊಂದುತ್ತದೆ. ಆಮ್ಲಜನಕ ಕೊಡುತ್ತಿರುವಾಗ ಉಸಿರು ನಿಂತರೂ ಆಕ್ಸಿಮೀಟರಿನ ಅಂಕ ಸ್ವಲ್ಪ ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಎದೆಯ ಏರಿಳಿತ ನೋಡುವ, ರೋಗಿಯನ್ನು ಮಾತಾಡಿಸುತ್ತಿರುವ ಎರಡನೆಯ ವ್ಯಕ್ತಿ ಬೇಕೇ ಬೇಕು. ಹಲ್ಲು ಕೊರೆಯುವವರೇ ಆ ಕೆಲಸವನ್ನೂ ಮಾಡಲಾಗದು.

ಈ ಸೀಮೆಯ ಬಾಯಿಗಳು ಇನ್ನೊಂದು ಎಚ್ಚರಿಕೆ ಕೇಳುತ್ತವೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದರೂ ಅಡಿಕೆಯ ಪುಡಿ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುತ್ತದೆ; ಲಾರಿ ಓಡಿಸುವವರು, ಗಣಿ ಮತ್ತು ಹೊಲದಲ್ಲಿ ದುಡಿಯುವವರು ಅಗಿಯುತ್ತಲೇ ಇದ್ದಾರೆ. ವರ್ಷಗಟ್ಟಲೆ ಅಡಿಕೆ ಅಗಿದ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ಮೂರು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಅಂಥವರು ಆಳಕ್ಕೆ ಜಾರಿದರೆ ನಾಲಿಗೆ ಸರಿಸುವುದು, ಶ್ವಾಸನಾಳಕ್ಕೆ ಕೊಳವೆ ಇಳಿಸುವುದು ನುರಿತ ತಜ್ಞರಿಗೂ ಕಷ್ಟ. ಗಣಿಯ ಧೂಳು ಕುಡಿದ ಶ್ವಾಸಕೋಶಕ್ಕೆ ಉಸಿರಿನ ಕೊರತೆ ತಡೆಯುವ ಶಕ್ತಿಯೂ ಕಡಿಮೆ. ಬಾಯಿ ಎಷ್ಟು ತೆರೆಯುತ್ತದೆಂದು ರೋಗಿಯ ಬೆರಳಿನಿಂದಲೇ ಅಳೆಯುವ ಪರೀಕ್ಷೆ ಅರ್ಧ ನಿಮಿಷದ್ದು. ಎರಡು ಬೆರಳಿಗೆ ನಿಂತವರಿಗೆ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಮಂಪರು ಕೊಡಲೇಬಾರದು.

ಪೂರ್ಣ ಅರಿವಳಿಕೆಯಲ್ಲಿ ಎಲ್ಲ ಮುಗಿಸಿಬಿಡಿ ಎಂದು ಕೇಳುವ ತಂದೆತಾಯಿಯರಿದ್ದಾರೆ. ಬುದ್ಧಿಮಾಂದ್ಯ ಮಕ್ಕಳು, ಆಟಿಸಂನಿಂದಾಗಿ ಕುರ್ಚಿಯಲ್ಲಿ ಕೂರಲಾಗದವರು, ಬಾಯಿತುಂಬ ಹುಳುಕಾದ ಪುಟ್ಟ ಮಕ್ಕಳಿಗೆ ಅದೇ ಸರಿ, ಕೆಲವೊಮ್ಮೆ ಅದೊಂದೇ ದಾರಿ. ಆದರೆ ಅದರ ಜಾಗ ಆಸ್ಪತ್ರೆ. ದಂತ ಕುರ್ಚಿಯಲ್ಲಿ ಪೂರ್ಣ ಅರಿವಳಿಕೆ ಕೊಡುವ ದೀರ್ಘ ರೂಢಿಯಿದ್ದ ಬ್ರಿಟನ್, ಸಾವುಗಳನ್ನು ಕಂಡು, 2001ರ ಕೊನೆಗೆ ಅದನ್ನು ಆಸ್ಪತ್ರೆಗಳಿಗೆ ಸೀಮಿತಗೊಳಿಸಿತು. ನಮ್ಮಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಸರ್ಕಾರಿ ದಂತ ಕಾಲೇಜು ಎರಡೂ ಇರುವ ಬಳ್ಳಾರಿ ಹೊಸಪೇಟೆಯಿಂದ ಸುಮಾರು 60 ಕಿಲೋಮೀಟರ್. ಹಳ್ಳಿಯವರಿಗೆ ಕಡಿಮೆ ದರ್ಜೆಯದು, ದೊಡ್ಡೂರಿಗೆ ಹೋಗುವವರಿಗೆ ಪೂರ್ತಿಯದು, ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆದರೆ ಉಸಿರು ನಿಂತ ಮಿದುಳಿಗೆ ಉಳಿದಿರುವ ಕೆಲವೇ ನಿಮಿಷಗಳಲ್ಲಿ 108 ಗಾಡಿ ಸಂಡೂರಿನ ಘಾಟಿ ಇಳಿದು ಮುಗಿಸಲಾರದು. ನ್ಯಾಯ ಬೇಕಾದರೆ ಅದನ್ನು ಅರಿವಳಿಕೆ ತಜ್ಞರ ಹುದ್ದೆಗಳಲ್ಲಿ, ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಹಲ್ಲಿಗಾಗಿ ಮೀಸಲಿಟ್ಟ ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ಕೇಳಬೇಕು; 2021ರಲ್ಲಿ ಜಿಲ್ಲಾ ಕೇಂದ್ರವಾದ ಊರು ಅದನ್ನು ಕೇಳುವ ಹಕ್ಕು ಪಡೆದಿದೆ. ಅರಿವಳಿಕೆ ತಜ್ಞರನ್ನು ಕ್ಲಿನಿಕ್ಕಿಗೇ ಕರೆಸುವುದು ನಡುದಾರಿ. ಅವರು ಆಮ್ಲಜನಕ, ಹೀರುಯಂತ್ರ, ಕೃತಕ ಉಸಿರಾಟದ ಸಲಕರಣೆ ಅಲ್ಲಿವೆಯೆಂದು ತಾವೇ ನೋಡಿ ಒಪ್ಪಿ, ರೋಗಿ ಪೂರ್ತಿ ಎಚ್ಚರಗೊಳ್ಳುವವರೆಗೆ ಉಳಿಯುವುದಾದರೆ ಮಾತ್ರ ಅದು ಸರಿ.

ಅಲ್ಪ ಮತ್ತು ಮಧ್ಯಮ ಮಂಪರಿನಲ್ಲಿ ರೋಗಿಯ ಜೊತೆಗಿನ ಮಾತೇ ಆಳವನ್ನು ಅಳೆಯುವ ಮೊದಲ ಉಪಕರಣ, ಹಾಗಾಗಿ ಭಾಷೆಯೂ ಇಲ್ಲಿ ವೈದ್ಯಕೀಯದ ವಿಷಯ. ಸಂಡೂರಿನ ತಾಂಡಾಗಳ ಲಂಬಾಣಿ, ಕಂಪ್ಲಿ ಸುತ್ತಿನ ತೆಲುಗು, ಹೊಸಪೇಟೆಯ ಉರ್ದು, ತೋರಣಗಲ್ಲಿಗೆ ದುಡಿಯಲು ಬಂದವರ ಹಿಂದಿ, ಒಡಿಯಾ ಇವುಗಳಲ್ಲಿ ರೋಗಿಗೆ ತಿಳಿಯುವ ನುಡಿಯಲ್ಲಿ ಕಣ್ಣು ತೆರೆ, ಉಸಿರು ಎಳೆದುಕೋ ಎನ್ನಬಲ್ಲ ಒಬ್ಬರು ಕೋಣೆಯಲ್ಲಿರಬೇಕು. ಓಗೊಡದಿರುವುದು ಭಾಷೆ ತಿಳಿಯದ್ದರಿಂದಲೋ ಔಷಧದಿಂದಲೋ ಎಂಬ ಗೊಂದಲಕ್ಕೆ ಎಡೆಯಿರಬಾರದು. ಒಪ್ಪಿಗೆಯ ಸಹಿಯನ್ನು ಅದೇ ನುಡಿಯಲ್ಲಿ ವಿವರಿಸಿ, ಮಂಪರು ಕೊಡುವ ಮುಂಚೆಯೇ ಪಡೆಯಬೇಕು. ಇಂಜೆಕ್ಷನ್ ಮಂಪರಿಗೆ ಆರು ತಾಸು ಮೊದಲು ಊಟ ನಿಲ್ಲಬೇಕು, ಎರಡು ತಾಸು ಮೊದಲಿನವರೆಗೆ ನೀರು ಕುಡಿಯಬಹುದು. ಸಕ್ಕರೆ ಕಾಯಿಲೆಯವರನ್ನು ಬೆಳಗಿನ ಮೊದಲ ಸರದಿಗೆ ಕರೆಯಬೇಕು. ಗುಳಿಗೆ ಅಥವಾ ಇಂಜೆಕ್ಷನ್ ಪಡೆದವರು 24 ತಾಸು ಬೈಕು, ಟ್ರ್ಯಾಕ್ಟರು, ಲಾರಿ ಓಡಿಸಬಾರದು, ಗಣಿಯ ಯಂತ್ರ ಮುಟ್ಟಬಾರದು. ಅವರನ್ನು ಮನೆಗೆ ಕರೆದೊಯ್ದು ರಾತ್ರಿಯವರೆಗೆ ಜೊತೆಗಿರಲು ವಯಸ್ಕರೊಬ್ಬರು ಬೇಕು. ದಿನಗೂಲಿಯ ಮನೆಯಲ್ಲಿ ಅದು ಎರಡು ಕೂಲಿಯ ನಷ್ಟ. ಹಾಗಾಗಿ ಬತ್ತದ ನಾಟಿ, ಕಬ್ಬಿನ ಕಟಾವಿನ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡುವುದು, ಒಂದೇ ಸರದಿಯಲ್ಲಿ ಎರಡು ಮೂರು ಹಲ್ಲಿನ ಕೆಲಸ ಮುಗಿಸುವುದು, ಆಗುವಲ್ಲೆಲ್ಲ ಐದು ನಿಮಿಷದಲ್ಲಿ ಇಳಿಯುವ ಅನಿಲವನ್ನೇ ಆರಿಸುವುದು ರೋಗಿಯ ಜೇಬಿಗೂ ಜೀವಕ್ಕೂ ಹಿತ.